ತೂತು ಸಿಕ್ಕರೂ ಪಂಪು ತಪ್ಪದು: ನ್ಯಾನೋ ರಂಧ್ರದ ಪೊರೆ ಮತ್ತು ಉಪ್ಪುನೀರು

ಪ್ರಶ್ನೆ: ನಮ್ಮ ಮನೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಅಳಿವೆಗೆ ಹತ್ತಿರ. ಮಾರ್ಚ್ ಬಂತೆಂದರೆ ಬಾವಿ ನೀರು ಉಪ್ಪಾಗುತ್ತದೆ. ಹೋದ ಬೇಸಿಗೆಯಲ್ಲಿ ಟಿಡಿಎಸ್ ಮೀಟರ್ (ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂದು ಅಳೆಯುವುದು) 1800 ತೋರಿಸಿತು. ಗ್ರಾಫೀನ್ ಎಂಬ ಅತಿ ತೆಳು ಇಂಗಾಲದ ಪೊರೆಯಲ್ಲಿ ನ್ಯಾನೋ ತೂತು ಕೊರೆದರೆ ಸಮುದ್ರದ ನೀರನ್ನೇ ಹೆಚ್ಚು ಕರೆಂಟಿಲ್ಲದೆ ಸಿಹಿ ಮಾಡಬಹುದು ಎಂದು ಹತ್ತು ವರ್ಷದಿಂದ ಓದುತ್ತಲೇ ಇದ್ದೇನೆ. ಅದು ಎಲ್ಲಿಗೆ ಬಂತು? ಪೇಟೆಯ ಅಂಗಡಿಯಲ್ಲಿ ಕರೆಂಟೇ ಬೇಡದ ‘ನ್ಯಾನೋ ಮೆಂಬ್ರೇನ್’ ಫಿಲ್ಟರ್ ತೋರಿಸಿ, ಇದೂ ಅದೇ ತಂತ್ರ ಅಂದರು. ಕೊಳ್ಳಲೇ?

ಉತ್ತರ: ಕೊಳ್ಳಬೇಡಿ. ಕಾರಣ ಹೇಳಬೇಕಾದರೆ ನಿಮ್ಮ ಮೊದಲ ಪ್ರಶ್ನೆಯನ್ನು ಪೂರ್ತಿ ಬಿಡಿಸಬೇಕು. ಗ್ರಾಫೀನಿನ ಸುದ್ದಿಯೂ ಅಂಗಡಿಯ ಫಿಲ್ಟರೂ ಬೇರೆಬೇರೆ ಸಂಗತಿಗಳಾದರೂ ಎರಡನ್ನೂ ಅಳೆಯುವ ಲೆಕ್ಕ ಒಂದೇ.

ಮೊದಲು ಗಾತ್ರದ ವಿಷಯ. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನೀರಿನ ಒಂದು ಅಣು ಸುಮಾರು 0.28 ನ್ಯಾನೋಮೀಟರ್ ಅಗಲ. ಉಪ್ಪು ನೀರಿನಲ್ಲಿ ಕರಗಿದಾಗ ಸೋಡಿಯಂ, ಕ್ಲೋರೈಡ್ ಎಂಬ ಎರಡು ಅಯಾನುಗಳಾಗಿ ಬೇರ್ಪಡುತ್ತದೆ. ಇದರಲ್ಲಿ ಬರಿಯ ಸೋಡಿಯಂ ಅಯಾನು ಸುಮಾರು 0.2 ನ್ಯಾನೋಮೀಟರ್, ಅಂದರೆ ನೀರಿನ ಅಣುವಿಗಿಂತಲೂ ಸಣ್ಣದು. ಗಾತ್ರವೊಂದನ್ನೇ ನೋಡಿ ಸೋಸುವುದಾದರೆ ಉಪ್ಪೇ ಮೊದಲು ನುಸುಳಬೇಕಿತ್ತು. ಆದರೆ ಸೋಡಿಯಂ ಎಂದೂ ಒಂಟಿಯಾಗಿರುವುದಿಲ್ಲ. ಅದರ ವಿದ್ಯುದಾವೇಶ ಸುತ್ತಲಿನ ನೀರಿನ ಅಣುಗಳನ್ನು ಬಿಗಿಯಾಗಿ ಎಳೆದುಕೊಂಡಿರುತ್ತದೆ. ಈ ನೀರಿನ ಹೊದಿಕೆಯೂ ಸೇರಿದರೆ ಅದರ ಅಗಲ 0.7 ನ್ಯಾನೋಮೀಟರ್ ಆಸುಪಾಸು. ಹೊದಿಕೆಯನ್ನು ಪೂರ್ತಿ ಕಳಚಲು ಬಹಳ ಶಕ್ತಿ ಬೇಕು. ಹಾಗಾಗಿ 0.3ಕ್ಕೂ 0.7ಕ್ಕೂ ನಡುವಿನ ಅಳತೆಯ ತೂತು ಸಿಕ್ಕರೆ ನೀರು ದಾಟುತ್ತದೆ, ಹೊದಿಕೆ ಹೊತ್ತ ಸೋಡಿಯಂ ಈಚೆಯೇ ನಿಲ್ಲುತ್ತದೆ. ತೂತಿನ ಅಂಚಿನಲ್ಲಿ ಋಣಾವೇಶವಿದ್ದರೆ ಕ್ಲೋರೈಡನ್ನೂ ದೂರ ತಳ್ಳುತ್ತದೆ. ಒಂದು ನಿಂತರೆ ಇನ್ನೊಂದೂ ನಿಲ್ಲಲೇಬೇಕು, ಏಕೆಂದರೆ ಎರಡೂ ಕಡೆಯ ನೀರಿನಲ್ಲಿ ಧನ–ಋಣ ಸಮವಾಗಿರಬೇಕು.

ನಮ್ಮ ಮೈಯಲ್ಲೇ ಈ ಏರ್ಪಾಡು ಇದೆ. ಮೂತ್ರಪಿಂಡ, ಕೆಂಪು ರಕ್ತಕಣಗಳ ಗೋಡೆಯಲ್ಲಿ ಅಕ್ವಾಪೊರಿನ್ ಎಂಬ ಪ್ರೋಟೀನು ಇರುತ್ತದೆ. ಅದರ ನಡುವಿನ ಕಾಲುವೆ ಅತಿ ಇಕ್ಕಟ್ಟಾದ ಕಡೆ ಸುಮಾರು 0.3 ನ್ಯಾನೋಮೀಟರ್. ನೀರಿನ ಅಣುಗಳು ಒಂದರ ಹಿಂದೊಂದು ಸಾಲಾಗಿ, ಸೆಕೆಂಡಿಗೆ ನೂರಾರು ಕೋಟಿಯಷ್ಟು ಹಾಯುತ್ತವೆ, ಉಪ್ಪು ಹಾಯುವುದಿಲ್ಲ. ಇದನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ನ್ಯಾನೋ ರಂಧ್ರದ ಕನಸು ಕಂಡವರಿಗೆಲ್ಲ ಇದು ಕಣ್ಣೆದುರಿನ ಮಾದರಿ.

ಈಗ ಕೆಲಸ ಮಾಡುತ್ತಿರುವ, ಒತ್ತಡ ಹಾಕಿ ನೀರಿನಿಂದ ಉಪ್ಪನ್ನು ಬೇರ್ಪಡಿಸುವ ಆರ್‌ಓ ಪೊರೆಯಲ್ಲಿ ಇಷ್ಟು ಅಚ್ಚುಕಟ್ಟಾದ ತೂತುಗಳಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಸೇರಿ 1960ರ ಹೊತ್ತಿಗೆ ಸೆಲ್ಯುಲೋಸ್ ಅಸಿಟೇಟಿನಲ್ಲಿ ಕೆಲಸಕ್ಕೆ ಬರುವ ಮೊದಲ ಪೊರೆ ಮಾಡಿದರು. 1965ರಲ್ಲಿ ಕೋಲಿಂಗಾ ಎಂಬ ಊರಿನಲ್ಲಿ ಅದರಿಂದ ಉಪ್ಪು ಬಾವಿನೀರನ್ನು ಸೋಸಿ ಜನರಿಗೆ ಕೊಡುವ ಘಟಕ ಶುರುವಾಯಿತು. 1970ರ ದಶಕದಲ್ಲಿ ಜಾನ್ ಕಡೋಟ್ ಪಾಲಿಅಮೈಡ್ ಎಂಬ ಪ್ಲಾಸ್ಟಿಕ್ಕಿನ ಪೊರೆ ತಂದರು. ಇವತ್ತು ಮನೆಯ ಆರ್‌ಓದಿಂದ ಹಿಡಿದು ಚೆನ್ನೈನ ನೆಮ್ಮೇಲಿ ಸಮುದ್ರನೀರಿನ ಘಟಕದವರೆಗೆ ಇರುವುದು ಅದೇ ವಂಶದ ಪೊರೆ. ಉಪ್ಪನ್ನು ತಡೆಯುವ ಪದರದ ದಪ್ಪ ಸುಮಾರು 100 ನ್ಯಾನೋಮೀಟರ್, ಉಳಿದದ್ದೆಲ್ಲ ಅದಕ್ಕೆ ಆಸರೆ. ಆ ಪದರದೊಳಗೆ ಪ್ಲಾಸ್ಟಿಕ್ಕಿನ ಅಣುಸರಪಳಿಗಳ ನಡುವೆ ಅರ್ಧ ನ್ಯಾನೋಮೀಟರ್ ಆಸುಪಾಸಿನ ಖಾಲಿ ಜಾಗಗಳಿರುತ್ತವೆ, ಅಂಕುಡೊಂಕಾಗಿ, ಅಳತೆ ತಪ್ಪಿದಂತೆ. ನೀರು ಈ ಪೊರೆಯಲ್ಲಿ ಕರಗಿ ಆಚೆ ಸೇರುತ್ತದೆ ಎಂದು ಅರುವತ್ತು ವರ್ಷದಿಂದ ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ಇಲ್ಲ, ಪುಟ್ಟ ರಂಧ್ರಗಳ ಮೂಲಕ ಒತ್ತಡಕ್ಕೆ ಹರಿಯುತ್ತದೆ ಎಂದು 2023ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮೆನಾಖೆಮ್ ಎಲಿಮೆಲೆಕ್ ಅವರ ತಂಡ ವಾದಿಸಿತು. ಚರ್ಚೆ ನಡೆದೇ ಇದೆ. ಕೋಟ್ಯಂತರ ಜನ ದಿನಾ ಬಳಸುವ ಪೊರೆಯೊಳಗೆ ನೀರು ಹೇಗೆ ಸಾಗುತ್ತದೆ ಎಂಬುದೇ ಇನ್ನೂ ಜಗಳದ ವಿಷಯ ಅನ್ನುವುದು ನನಗಂತೂ ಖುಷಿ ಕೊಡುವ ಸಂಗತಿ.

ನೀವು ಓದಿದ ಸುದ್ದಿಯ ಮೂಲ 2012ರದ್ದು. ಅಮೆರಿಕದ ಎಂಐಟಿಯ ಡೇವಿಡ್ ಕೋಹೆನ್–ತನುಗಿ ಮತ್ತು ಜೆಫ್ರಿ ಗ್ರಾಸ್‌ಮನ್ ಕಂಪ್ಯೂಟರಿನಲ್ಲಿ ಒಂದೇ ಪರಮಾಣು ದಪ್ಪದ ಗ್ರಾಫೀನ್ ಹಾಳೆಗೆ ತೂತು ಕೊರೆದು, ಸಮುದ್ರದ ನೀರನ್ನು ಒತ್ತಿ ನೋಡಿದರು. ಸರಿಯಾದ ಅಳತೆಯ ತೂತಾದರೆ ಉಪ್ಪು ನಿಲ್ಲುತ್ತದೆ, ನೀರು ಮಾತ್ರ ಈಗಿನ ಆರ್‌ಓ ಪೊರೆಗಿಂತ ನೂರಾರು ಪಟ್ಟು ಸಲೀಸಾಗಿ ದಾಟುತ್ತದೆ ಎಂಬ ಉತ್ತರ ಬಂತು. 2015ರಲ್ಲಿ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದವರು ಆಕ್ಸಿಜನ್ ಪ್ಲಾಸ್ಮಾದಿಂದ ನಿಜವಾದ ಗ್ರಾಫೀನಿಗೆ ತೂತು ಕೊರೆದು, ಉಪ್ಪು ಹೆಚ್ಚುಕಡಿಮೆ ಪೂರ್ತಿ ನಿಲ್ಲುವುದನ್ನು ತೋರಿಸಿದರು. ಅಷ್ಟು ಹೊತ್ತಿಗೆ ಪತ್ರಿಕೆಗಳಲ್ಲಿ ಸಮುದ್ರದ ನೀರು ಅಗ್ಗವಾಗಿಯೇ ಬಿಟ್ಟಿತ್ತು. ಆ ಪ್ರಯೋಗದ ಗ್ರಾಫೀನ್ ಹೊದಿಸಿದ ಕಿಂಡಿಯ ಅಗಲ 5 ಮೈಕ್ರಾನ್ ಎಂಬುದು ತಲೆಬರಹದಲ್ಲಿ ಬರಲಿಲ್ಲ. ತಲೆಕೂದಲಿನ ದಪ್ಪ ಇದರ ಹತ್ತು ಪಟ್ಟಿಗೂ ಹೆಚ್ಚು.

ಈಗ ಲೆಕ್ಕಕ್ಕೆ ಬರೋಣ. ಉಪ್ಪುನೀರು ಮತ್ತು ಸಿಹಿನೀರಿನ ನಡುವೆ ನೀರನ್ನಷ್ಟೇ ಬಿಡುವ ಪೊರೆ ಇಟ್ಟರೆ ಸಿಹಿನೀರು ತಾನಾಗಿ ಉಪ್ಪಿನ ಕಡೆಗೆ ಹರಿಯುತ್ತದೆ. ಶಾಲೆಯಲ್ಲಿ ಅಭಿಸರಣೆ ಎಂದು ಓದಿರುತ್ತೀರಿ. ಅದನ್ನು ತಡೆದು ಹಿಂದಕ್ಕೆ ಹರಿಸಬೇಕಾದರೆ ಉಪ್ಪಿನ ಕಡೆಯಿಂದ ಒತ್ತಡ ಹಾಕಬೇಕು. ಲೀಟರಿಗೆ 35 ಗ್ರಾಂ ಉಪ್ಪಿರುವ ಸಮುದ್ರದ ನೀರಿಗೆ ಈ ಒತ್ತಡ ಸುಮಾರು 27 ಬಾರ್. 270 ಮೀಟರ್ ಎತ್ತರದ ನೀರಿನ ಕಂಬ ಬುಡದಲ್ಲಿ ಹಾಕುವ ಭಾರ ಅಷ್ಟು. ಜೋಗದಲ್ಲಿ ರಾಜಾ ಧುಮುಕುವ 253 ಮೀಟರಿಗಿಂತ ಕೊಂಚ ಹೆಚ್ಚೇ. ಗಮನಿಸಿ, ಈ 27 ಬಾರ್ ಎಂಬ ಅಂಕಿಯಲ್ಲಿ ಪೊರೆಯ ಪಾತ್ರ ಏನೇನೂ ಇಲ್ಲ. ಪೊರೆ ಪಾಲಿಅಮೈಡ್ ಆಗಿರಲಿ, ಗ್ರಾಫೀನ್ ಆಗಿರಲಿ, ಅಕ್ವಾಪೊರಿನ್ನೇ ಆಗಿರಲಿ, ಒತ್ತಡವನ್ನು ಗೊತ್ತುಮಾಡುವುದು ಉಪ್ಪು.

36 ಬಾರ್ ಒತ್ತಡದಲ್ಲಿ 1000 ಲೀಟರ್ ನೀರು ತಳ್ಳಲು 1 ಯೂನಿಟ್ ವಿದ್ಯುತ್ ಬೇಕು. ಪಂಪಿನಲ್ಲಿ ಏನೂ ಸೋರಿಹೋಗದಿದ್ದರೆ ಬರುವ ಲೆಕ್ಕ ಇದು. ಹಾಗಾದರೆ 27 ಬಾರ್‌ಗೆ ಮುಕ್ಕಾಲು ಯೂನಿಟ್. ಆದರೆ ನೀರು ತೆಗೆದಷ್ಟೂ ಉಳಿದ ನೀರು ಇನ್ನಷ್ಟು ಉಪ್ಪಾಗುತ್ತ ಹೋಗುತ್ತದೆ. ಅರ್ಧ ನೀರು ತೆಗೆದಾಗ ಉಳಿದರ್ಧದಲ್ಲಿ ಉಪ್ಪು ಇಮ್ಮಡಿ, ಒತ್ತಡವೂ 54 ಬಾರ್ ಆಸುಪಾಸು. ಒಂದೇ ಹಂತದಲ್ಲಿ ಒತ್ತುವ ಘಟಕ ಕೊನೆಯ ಹನಿಗಾಗಿ ಆ ಒತ್ತಡವನ್ನು ಮೊದಲಿನಿಂದಲೇ ಹಾಕಬೇಕು. ಅಂದರೆ ಸಾವಿರ ಲೀಟರಿಗೆ ಒಂದೂವರೆ ಯೂನಿಟ್. ಇದು ಎಂಥ ಅದ್ಭುತ ಪೊರೆ ತಂದರೂ ಇಳಿಯದ ಮಟ್ಟ. ಹಂತಹಂತವಾಗಿ ಒತ್ತಡ ಏರಿಸುತ್ತ ಹೋದರೆ 1.06 ಯೂನಿಟ್‌ವರೆಗೆ ಇಳಿಸಬಹುದು ಎನ್ನುತ್ತದೆ ಥರ್ಮೊಡೈನಮಿಕ್ಸ್. ಅರ್ಧ ನೀರು ತೆಗೆಯುವುದಾದರೆ ಅದರ ಕೆಳಗೆ ಯಾರೂ ಹೋಗಲಾರರು.

ಇವತ್ತಿನ ಒಳ್ಳೆಯ ಘಟಕಗಳಲ್ಲಿ ಪೊರೆಯ ಹಂತಕ್ಕೆ ತಗಲುವುದು ಎರಡರಿಂದ ಎರಡೂವರೆ ಯೂನಿಟ್. ಸಮುದ್ರದಿಂದ ನೀರೆತ್ತುವುದು, ಮೊದಲ ಸೋಸುವಿಕೆ, ಸಿಹಿನೀರನ್ನು ಊರಿಗೆ ತಳ್ಳುವುದು ಎಲ್ಲ ಸೇರಿ ಮೂರರಿಂದ ನಾಲ್ಕು. ಅಂದರೆ ಪೊರೆಯ ಕಡೆಯಿಂದ ಉಳಿಸಲು ಬಾಕಿ ಇರುವುದೇ ಅರ್ಧದಿಂದ ಒಂದು ಯೂನಿಟ್. 1970ರ ದಶಕದ ಘಟಕಗಳು ಇದರ ಹಲವು ಪಟ್ಟು ವಿದ್ಯುತ್ ನುಂಗುತ್ತಿದ್ದವು. ಆ ಇಳಿಕೆಯಲ್ಲಿ ಪೊರೆಯ ಪಾಲು ಇದೆ. ಜೊತೆಗೆ ಹೊರಹೋಗುವ ಉಪ್ಪುನೀರಿನಲ್ಲಿ ಉಳಿದ ಒತ್ತಡವನ್ನು ಹಿಡಿದು ಒಳಬರುವ ನೀರಿಗೆ ದಾಟಿಸುವ ಪ್ರೆಶರ್ ಎಕ್ಸ್‌ಚೇಂಜರ್ ಎಂಬ ಯಂತ್ರದ್ದು ದೊಡ್ಡ ಪಾಲು. ಅದರ ಬಗ್ಗೆ ಯಾವ ಪತ್ರಿಕೆಯೂ ತಲೆಬರಹ ಹಾಕಲಿಲ್ಲ.

2012ರಲ್ಲಿ ಆಸೆ ಹುಟ್ಟಿಸಿದವರೇ 2014ರಲ್ಲಿ ಸಹೋದ್ಯೋಗಿಗಳ ಜೊತೆ ಕೂತು ಈ ಲೆಕ್ಕ ಬಿಡಿಸಿದರು. ಪೊರೆಯಲ್ಲಿ ನೀರು ಮೂರು ಪಟ್ಟು ಸಲೀಸಾಗಿ ಹಾಯುವಂತಾದರೆ ಸಮುದ್ರನೀರಿನ ಘಟಕದಲ್ಲಿ ಉಳಿಯುವ ವಿದ್ಯುತ್ ಸುಮಾರು 15%. ಇಲ್ಲವೇ ಅಷ್ಟೇ ವಿದ್ಯುತ್ತಿನಲ್ಲಿ ಪೊರೆ ತುಂಬುವ ಒತ್ತಡದ ಕೊಳವೆಗಳನ್ನು 44% ಕಡಿಮೆ ಮಾಡಬಹುದು. ಮೂರರ ಮೇಲೆ ಎಷ್ಟು ಪಟ್ಟು ಏರಿಸಿದರೂ ಹೆಚ್ಚು ಲಾಭವಿಲ್ಲ. ಕಾರಣ ಸರಳ. ನೀರು ಬೇಗ ದಾಟಿದಷ್ಟೂ ಬಿಟ್ಟುಹೋದ ಉಪ್ಪು ಪೊರೆಯ ಮುಂದೆಯೇ ದಟ್ಟೈಸುತ್ತದೆ. ಪೊರೆ ಎದುರಿಸಬೇಕಾದ ನೀರು ಸಮುದ್ರಕ್ಕಿಂತ ಉಪ್ಪಾಗಿ ಕೂರುತ್ತದೆ. ಕೊಳೆ, ಪಾಚಿ ಅಂಟುವುದೂ ಜಾಸ್ತಿಯಾಗುತ್ತದೆ. 15% ಕಡಿಮೆಯೇನಲ್ಲ, ನಾನು ಅದನ್ನು ಹಗುರ ಮಾಡುತ್ತಿಲ್ಲ. ನೆಮ್ಮೇಲಿಯ ಎರಡನೇ ಘಟಕ ದಿನಕ್ಕೆ 15 ಕೋಟಿ ಲೀಟರಿನದು. ಸಾವಿರ ಲೀಟರಿಗೆ ಮೂರೂವರೆ ಯೂನಿಟ್ ಎಂದಿಟ್ಟುಕೊಂಡರೆ ದಿನಕ್ಕೆ ಐದು ಲಕ್ಷ ಯೂನಿಟ್ ದಾಟುತ್ತದೆ. ಅದರಲ್ಲಿ ಅಷ್ಟಿಷ್ಟು ಉಳಿದರೂ ದುಡ್ಡೇ. ಆದರೆ ‘ಕರೆಂಟಿಲ್ಲದೆ’ ಎಂಬ ಮಾತಿಗೂ ಇದಕ್ಕೂ ಬಹಳ ದೂರ.

ಹಾಗಾದರೆ ಸಮುದ್ರದ ನೀರು ದುಬಾರಿಯೇ ಎಂದು ಕೇಳಿದರೆ, ಯಾವುದಕ್ಕೆ ಎಂದು ನಾನು ತಿರುಗಿ ಕೇಳಬೇಕಾಗುತ್ತದೆ. ಕುಡಿಯಲು, ಅಡುಗೆಗೆ ಮೂರೂವರೆ ಯೂನಿಟ್‌ಗೆ ಸಾವಿರ ಲೀಟರ್ ಎನ್ನುವುದು ಭಾರವಲ್ಲ. ಮಂಗಳೂರಿನ ತಣ್ಣೀರುಬಾವಿಯಲ್ಲಿ ಎಂಆರ್‌ಪಿಎಲ್ ತನ್ನ ತೈಲ ಸಂಸ್ಕರಣಾಗಾರಕ್ಕೆಂದು ಸಮುದ್ರನೀರಿನ ಘಟಕ ಕಟ್ಟಿಕೊಂಡಿರುವುದೂ ಲೆಕ್ಕ ಹಾಕಿಯೇ. ಬೇಸಿಗೆಯಲ್ಲಿ ನೇತ್ರಾವತಿ ಬತ್ತಿ ಕಾರ್ಖಾನೆ ನಿಂತರೆ ಆಗುವ ನಷ್ಟದ ಮುಂದೆ ಆ ವಿದ್ಯುತ್ ಖರ್ಚು ಸಣ್ಣದು. ಗದ್ದೆಗೆ ಬಂದರೆ ಕತೆ ಬೇರೆ. ಒಂದು ಎಕರೆ ಭತ್ತಕ್ಕೆ ಬೆಳೆ ಮುಗಿಯುವವರೆಗೆ ಒಟ್ಟು 1.2 ಮೀಟರ್ ನೀರು ಬೇಕೆಂದರೆ ಸುಮಾರು 48 ಲಕ್ಷ ಲೀಟರ್, ಹೆಚ್ಚುಕಡಿಮೆ 17,000 ಯೂನಿಟ್. ಪೊರೆಯನ್ನು ಪುಕ್ಕಟೆ ಕೊಟ್ಟರೂ ಗಿಟ್ಟುವುದಿಲ್ಲ.

ಗ್ರಾಫೀನ್ ಪ್ರಯೋಗಾಲಯದಿಂದ ಹೊರಗೆ ಬರದಿರುವುದಕ್ಕೆ ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಒಂದು ಚದರ ಸೆಂಟಿಮೀಟರ್ ಗ್ರಾಫೀನಿನಲ್ಲಿ ಲಕ್ಷ ಕೋಟಿಯಷ್ಟು ತೂತು ಬೇಕು, ಎಲ್ಲವೂ ಒಂದೇ ಅಳತೆಯಲ್ಲಿ. ಇಷ್ಟು ತೆಳು ಹಾಳೆಯಲ್ಲಿ ತೂತಿನ ಅಗಲ ಹತ್ತು ಪಟ್ಟಾದರೆ ಅದರಲ್ಲಿ ನುಗ್ಗುವ ನೀರು ಸ್ಥೂಲವಾಗಿ ಸಾವಿರ ಪಟ್ಟು. ಹಾಗಾಗಿ ಲಕ್ಷ ತೂತಿಗೆ ಒಂದೇ ಒಂದು ಹತ್ತು ಪಟ್ಟು ಅಗಲವಾಗಿದ್ದರೂ ನೂರು ಲೀಟರಿನಲ್ಲಿ ಒಂದು ಲೀಟರ್ ನೀರು ಸೋಸದೆಯೇ ಆಚೆ ಹೋಗುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ 35,000 ಮಿಲಿಗ್ರಾಂ ಉಪ್ಪಿದೆ, ಅದರ ನೂರನೇ ಒಂದು ಪಾಲು 350. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಟಿಡಿಎಸ್ 500. ಒಂದೇ ಬಗೆಯ ತಪ್ಪಿನಲ್ಲಿ ಆ ಮಿತಿಯ 70% ಮುಗಿದುಹೋಯಿತು. ಕಾರ್ಖಾನೆಯಲ್ಲಿ ಹಾಳೆಯನ್ನು ತಾಮ್ರದ ಮೇಲೆ ಬೆಳೆಸಿ, ಬಿಡಿಸಿ, ಆಸರೆಯ ಮೇಲೆ ಹಾಸುವಾಗ ಬೀಳುವ ಸುಕ್ಕು, ಬಿರುಕು ಇದಕ್ಕಿಂತ ಎಷ್ಟೋ ದೊಡ್ಡವು. ಒಂದು ಸಾಮಾನ್ಯ ಆರ್‌ಓ ಸುರುಳಿಯಲ್ಲಿ ಸುಮಾರು 40 ಚದರ ಮೀಟರ್ ಪೊರೆ ಸುತ್ತಿರುತ್ತಾರೆ, ಒಂದು ಘಟಕದಲ್ಲಿ ಅಂಥವು ಸಾವಿರಾರು. ಪಾಲಿಅಮೈಡ್ ಅಂದಗೇಡಿಯಾದರೂ ಅದರ ಹತ್ತಿರ ಒಂದು ಗುಣವಿದೆ. ಎರಡು ರಾಸಾಯನಿಕಗಳು ಸಂಧಿಸಿದಲ್ಲೆಲ್ಲ ಪದರ ತಾನೇ ಕಟ್ಟಿಕೊಳ್ಳುತ್ತದೆ, ಎಲ್ಲಾದರೂ ಸಂದು ಉಳಿದರೆ ಅಲ್ಲಿಯೂ ಅವೇ ಸಂಧಿಸಿ ಮುಚ್ಚಿಕೊಳ್ಳುತ್ತವೆ. ಮೈಲುಗಟ್ಟಲೆ ಉದ್ದದ ಪೊರೆಯನ್ನು ಯಂತ್ರದಲ್ಲಿ ಎಳೆಯಲು ಸಾಧ್ಯವಾಗಿರುವುದು ಇದರಿಂದ.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕೇರಳ ಮೂಲದ ರಾಹುಲ್ ನಾಯರ್ ಅವರ ತಂಡ ಬೇರೆ ದಾರಿ ಹಿಡಿಯಿತು. ಹಾಳೆಗೆ ತೂತು ಕೊರೆಯುವ ಬದಲು ಗ್ರಾಫೀನ್ ಆಕ್ಸೈಡಿನ ಚೂರುಗಳನ್ನು ಪದರಪದರವಾಗಿ ಒಟ್ಟಿ, ಪದರಗಳ ನಡುವಿನ ಸಂದಿಯಲ್ಲೇ ನೀರನ್ನು ಹಾಯಿಸುವುದು. ತೊಂದರೆ ಏನೆಂದರೆ ನೀರಿಗೆ ಬಿದ್ದ ಕೂಡಲೇ ಅದು ಉಬ್ಬುತ್ತದೆ, ಸಂದಿ ಅಗಲವಾಗಿ ಉಪ್ಪೂ ನುಸುಳುತ್ತದೆ. 2017ರಲ್ಲಿ ಅವರು ಅದನ್ನು ಎಪಾಕ್ಸಿ ಅಂಟಿನಲ್ಲಿ ಹುಗಿದು, ಉಬ್ಬದಂತೆ ಬಿಗಿದು, ಸಂದಿಯ ಅಳತೆಯನ್ನು ಬೇಕಾದಂತೆ ಗೊತ್ತುಮಾಡಬಹುದು ಎಂದು ತೋರಿಸಿದರು. ಇದು ಮಾಡಲು ಸುಲಭ. ಕ್ಲೋರಿನ್ನಿಗೆ ಪಾಲಿಅಮೈಡಿನಷ್ಟು ಬೇಗ ಸೋಲುವುದಿಲ್ಲ ಎನ್ನುವುದೂ ಒಂದು ಆಸೆ. ಈ ಕ್ಲೋರಿನ್ ಸಂಗತಿ ಹೊರಗಿನವರಿಗೆ ಸಣ್ಣದಾಗಿ ಕಾಣುತ್ತದೆ. ಘಟಕ ನಡೆಸುವವರನ್ನು ಕೇಳಿ. ಪಾಚಿ, ಬ್ಯಾಕ್ಟೀರಿಯಾ ಕೊಲ್ಲಲು ನೀರಿಗೆ ಕ್ಲೋರಿನ್ ಹಾಕುತ್ತಾರೆ, ಅದು ಪೊರೆಯನ್ನೇ ತಿನ್ನುತ್ತದೆಂದು ಪೊರೆಗೆ ಮುಟ್ಟುವ ಮುನ್ನ ಬೈಸಲ್ಫೈಟ್ ಹಾಕಿ ತೆಗೆಯುತ್ತಾರೆ. ಕಾವಲು ತಪ್ಪಿದ ಆ ಕೊನೆಯ ಗಳಿಗೆಯಲ್ಲೇ ಬ್ಯಾಕ್ಟೀರಿಯಾ ಪೊರೆಯ ಮೇಲೆ ಮನೆಮಾಡುತ್ತದೆ. ಕ್ಲೋರಿನ್ ತಡೆಯುವ ಪೊರೆಯೊಂದು ಬಂದರೆ, ಅದು ನೀರನ್ನು ಒಂದಿಷ್ಟೂ ಬೇಗ ಬಿಡದಿದ್ದರೂ, ಗ್ರಾಫೀನಿನ ಎಲ್ಲ ತಲೆಬರಹಗಳಿಗಿಂತ ಹೆಚ್ಚಿನ ಉಪಕಾರವಾಗುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಎರಡನೇ ಉಪಕಾರ ಆರಿಸಿ ಬಿಡುವ ಗುಣದಲ್ಲಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ 4–5 ಮಿಲಿಗ್ರಾಂ ಬೋರಾನ್ ಇರುತ್ತದೆ. ಅದು ಬೋರಿಕ್ ಆಮ್ಲದ ರೂಪದಲ್ಲಿ, ಆವೇಶವಿಲ್ಲದೆ, ನೀರಿನ ಹೊದಿಕೆಯಿಲ್ಲದೆ ಇರುವುದರಿಂದ ಆರ್‌ಓ ಪೊರೆಯನ್ನು ಗಣನೀಯವಾಗಿ ದಾಟಿಬಿಡುತ್ತದೆ. ಅದನ್ನು ತೆಗೆಯಲೆಂದೇ ಕೆಲವು ಘಟಕಗಳಲ್ಲಿ ಸಿಹಿನೀರನ್ನು ಎರಡನೇ ಸಲ ಪೊರೆಗೆ ಒತ್ತುತ್ತಾರೆ. ನಮ್ಮ ಒಳನಾಡಿನ ಕಷ್ಟ ಫ್ಲೋರೈಡ್. ಕೋಲಾರ, ತುಮಕೂರು, ಚಿತ್ರದುರ್ಗ, ಕೊಪ್ಪಳ, ರಾಯಚೂರು ಕಡೆಯ ಕೊಳವೆಬಾವಿಗಳಲ್ಲಿ ತೆಗೆಯಬೇಕಾದದ್ದು ಲೀಟರಿಗೆ ಒಂದೆರಡು ಮಿಲಿಗ್ರಾಂ ಫ್ಲೋರೈಡ್. ಅದಕ್ಕಾಗಿ ಊರಿನ ಶುದ್ಧ ನೀರಿನ ಘಟಕದ ಆರ್‌ಓ ಎಲ್ಲ ಲವಣವನ್ನೂ ತೆಗೆದು, ಸೇರಿದ ನೀರಿನ ದೊಡ್ಡ ಪಾಲನ್ನು ಚರಂಡಿಗೆ ಬಿಡುತ್ತದೆ. ಫ್ಲೋರೈಡ್ ಅಯಾನು ಕ್ಲೋರೈಡಿಗಿಂತ ಬಿಗಿಯಾಗಿ ನೀರಿನ ಹೊದಿಕೆ ಹಿಡಿದಿರುತ್ತದೆ, ಆ ವ್ಯತ್ಯಾಸದ ಮೇಲೆ ಕೆಲಸ ಮಾಡುವ ರಂಧ್ರ ಸಿಕ್ಕರೆ ಕಡಿಮೆ ಒತ್ತಡದಲ್ಲಿ, ಕಡಿಮೆ ನೀರು ಚೆಲ್ಲಿ ಕೆಲಸ ಸಾಗುತ್ತದೆ. ನ್ಯಾನೋಫಿಲ್ಟ್ರೇಶನ್ ಎಂದು ಕರೆಯುವ, 1 ನ್ಯಾನೋಮೀಟರ್ ಆಸುಪಾಸಿನ ರಂಧ್ರದ ಪೊರೆಗಳು ಆಗಲೇ ಈ ದಿಕ್ಕಿನಲ್ಲಿವೆ. ಪ್ಯಾರಿಸ್ ಹತ್ತಿರದ ಮೇರಿ–ಸುರ್–ವಾಜ್ ಎಂಬಲ್ಲಿ 1999ರಿಂದ ದಿನಕ್ಕೆ 14 ಕೋಟಿ ಲೀಟರ್ ನದಿನೀರನ್ನು ಹೀಗೆ ಸೋಸುವ ವ್ಯವಸ್ಥೆ ಇದೆ, ಅಲ್ಲಿನ ಮುಖ್ಯ ಚಿಂತೆ ಹೊಲಗಳಿಂದ ಬರುವ ಕೀಟನಾಶಕ, ಕಳೆನಾಶಕ. ಈ ಪೊರೆ ಕ್ಯಾಲ್ಸಿಯಂ, ಸಲ್ಫೇಟ್‌ಗಳನ್ನು ಚೆನ್ನಾಗಿ ತಡೆಯುತ್ತದೆ, ಅಡುಗೆ ಉಪ್ಪನ್ನು ಬಹುಪಾಲು ಬಿಟ್ಟುಬಿಡುತ್ತದೆ.

ನಿಮ್ಮ ಬಾವಿಗೆ ಇದು ಆಗುವುದಿಲ್ಲ ಎನ್ನಲು ಅಷ್ಟೇ ಸಾಕು. ಅಳಿವೆಯ ಪಕ್ಕದ ಬಾವಿಗೆ ಬೇಸಿಗೆಯಲ್ಲಿ ನುಗ್ಗುವುದು ಅಡುಗೆ ಉಪ್ಪೇ. ಅಂಗಡಿಯವರು ತೋರಿಸಿದ್ದು ಬಹುಶಃ ನ್ಯಾನೋಫಿಲ್ಟ್ರೇಶನ್ ಕೂಡ ಅಲ್ಲ. ಕರೆಂಟಿಲ್ಲದೆ ಓಡುವ ಮನೆ ಫಿಲ್ಟರುಗಳಲ್ಲಿ ಸಾಮಾನ್ಯವಾಗಿ ಇರುವುದು ಯುಎಫ್ ಎಂಬ ಶಾವಿಗೆಯಂಥ ಟೊಳ್ಳು ಎಳೆಗಳು. ಅವುಗಳ ರಂಧ್ರ 10ರಿಂದ 100 ನ್ಯಾನೋಮೀಟರ್. ಡಬ್ಬಿಯ ಮೇಲಿನ ‘ನ್ಯಾನೋ’ ಸುಳ್ಳಲ್ಲ, ಬ್ಯಾಕ್ಟೀರಿಯಾ, ಕೆಸರು ಖಂಡಿತ ನಿಲ್ಲುತ್ತದೆ. 0.7 ನ್ಯಾನೋಮೀಟರಿನ ಸೋಡಿಯಂ ಮಾತ್ರ ಅದರಲ್ಲಿ ಕೈಬೀಸಿಕೊಂಡು ಹೋಗುತ್ತದೆ. ಬೆಳ್ಳಿಯ ನ್ಯಾನೋ ಕಣಗಳ ಫಿಲ್ಟರಿನದೂ ಅಷ್ಟೇ, ಅದು ರೋಗಾಣು ಕೊಲ್ಲುತ್ತದೆ, ಉಪ್ಪಿನ ಗೊಡವೆಗೆ ಹೋಗುವುದಿಲ್ಲ.

ನಿಮಗೆ ಯಾರ ಮಾತೂ ಬೇಡ, ಹಿಂದಿನ ಲೆಕ್ಕವನ್ನೇ ಬಳಸಿ. ಸಮುದ್ರದ 35,000ಕ್ಕೆ 27 ಬಾರ್ ಆದರೆ ನಿಮ್ಮ 1800ಕ್ಕೆ ಸುಮಾರು 1.3–1.4 ಬಾರ್, ಅಂದರೆ 13–14 ಮೀಟರ್ ಎತ್ತರದ ನೀರು. ಉಪ್ಪನ್ನು ನಿಜವಾಗಿ ತಡೆಯುವ ಪೊರೆಯಾದರೆ ತಾರಸಿಯ ಟ್ಯಾಂಕಿನ ಆರೇಳು ಮೀಟರ್ ಎತ್ತರಕ್ಕೆ ಅದರಿಂದ ಒಂದು ಹನಿಯೂ ಬರಬಾರದು. ನೀರು ಧಾರಾಳವಾಗಿ ಬರುತ್ತಿದೆ ಎಂದರೆ ಉಪ್ಪೂ ಬರುತ್ತಿದೆ. ಟಿಡಿಎಸ್ ಮೀಟರ್ ಒಯ್ದು, ನಿಮ್ಮ ಬಾವಿಯ ನೀರನ್ನೇ ಅಂಗಡಿಯಲ್ಲಿ ಹಾಕಿಸಿ, ಮುಂಚೆ ಮತ್ತು ಆಮೇಲೆ ಅಳೆಯಿರಿ. ಅಂಗಡಿಯ ನಲ್ಲಿ ನೀರಿನಲ್ಲಿ ತೋರಿಸಿದರೆ ಒಪ್ಪಬೇಡಿ.

1800 ಇರುವವರೆಗೆ ಸಾಮಾನ್ಯ ಮನೆ ಆರ್‌ಓ ಸಾಕು. ಅದರ ಪುಟ್ಟ ಪಂಪು 5 ಬಾರ್ ಆಸುಪಾಸು ಒತ್ತುತ್ತದೆ, ಉಪ್ಪಿನ 90%ಕ್ಕೂ ಹೆಚ್ಚು ತೆಗೆಯುತ್ತದೆ. ಹೊರಬೀಳುವ ನೀರನ್ನು ನೆಲ ಒರೆಸಲು, ಪಾತ್ರೆಯ ಮೊದಲ ತೊಳೆತಕ್ಕೆ ಬಳಸಿ, ತೆಂಗಿನ ಬುಡಕ್ಕೆ ಕೂಡ ಹಾಕಬಹುದು. ಅಡಿಕೆ, ಬಾಳೆ, ತರಕಾರಿಗೆ ಬೇಡ. ಇಂಥ ಯಂತ್ರಗಳನ್ನು ಸಾಮಾನ್ಯವಾಗಿ 2000ದವರೆಗೆಂದು ಮಾಡಿರುತ್ತಾರೆ, ನೀವು ಅಂಚಿನಲ್ಲಿದ್ದೀರಿ. ಏಪ್ರಿಲ್–ಮೇಯಲ್ಲಿ ಮೀಟರ್ ಮೂರು ಸಾವಿರ ದಾಟಿದರೆ ದೊಡ್ಡ ಪಂಪು, ಬೇರೆ ಪೊರೆ ಬೇಕಾಗುತ್ತದೆ, ಖರ್ಚು ಏರುತ್ತದೆ.

ಅದಕ್ಕೂ ಮುಂಚೆ ಇನ್ನೆರಡು ಮಾತು. ಕರಾವಳಿಯ ಮಣ್ಣಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟದಿಂದ ಮೇಲೆ ಒಂದು ಅಡಿ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿ ಇರುತ್ತದೆ. ಪಂಪು ಹಾಕಿ ಮೇಲಿನ ಒಂದಡಿ ಇಳಿಸಿದರೆ ಕೆಳಗಿನ ಉಪ್ಪು ಅದೇ ಪ್ರಮಾಣದಲ್ಲಿ ಏರಲು ಹೊರಡುತ್ತದೆ. ಫೆಬ್ರುವರಿಯಿಂದಲೇ ಒಂದೇ ಸಲ ಗಂಟೆಗಟ್ಟಲೆ ಎತ್ತುವ ಬದಲು ಸ್ವಲ್ಪಸ್ವಲ್ಪವಾಗಿ ಎತ್ತಿ, ಬಾವಿಯನ್ನು ಇನ್ನೂ ಆಳ ಮಾಡಿಸಬೇಡಿ. ಇನ್ನು ನಿಮ್ಮ ಕಡೆ ವರ್ಷಕ್ಕೆ ಮೂರು ಮೀಟರಿಗೂ ಹೆಚ್ಚು ಮಳೆ. ನೂರು ಚದರ ಮೀಟರ್ ಮಾಡಿನ ಮೇಲೆ ಬೀಳುವುದು ಮೂರು ಲಕ್ಷ ಲೀಟರ್, ಉಪ್ಪಿಲ್ಲದ್ದು. ಐದು ಜನಕ್ಕೆ ಕುಡಿಯಲು, ಅಡುಗೆಗೆ ತಲಾ ಹತ್ತು ಲೀಟರಿನಂತೆ ನೂರು ದಿನಕ್ಕೆ ಬೇಕಾದದ್ದು ಐದು ಸಾವಿರ ಲೀಟರ್. ಅಷ್ಟು ಹಿಡಿಯುವ, ಬೆಳಕು ಬೀಳದ ಒಂದು ಟ್ಯಾಂಕು, ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ಒಂದು ವಾಲ್ವ್, ಜೊತೆಗೆ ಅಂಗಡಿಯವರು ತೋರಿಸಿದ ಫಿಲ್ಟರಿನಂಥದ್ದೇ ಒಂದು ಯುಎಫ್. ಆ ಕೆಲಸಕ್ಕಾದರೆ ಅದನ್ನು ಧಾರಾಳವಾಗಿ ಕೊಳ್ಳಿ.